ಹುಣಸಿ ಗಿಡದ ಬಾಜು

ನನಗೆ ಹೊಲಸು ಕಂಡರೆ ಆಗುವುದಿಲ್ಲ. ಇದನ್ನು ಗುಣವೆಂದು ಹೇಳಿಕೊಳ್ಳುತ್ತಿಲ್ಲ, ರೋಗವೆಂದೇ ಹೇಳುತ್ತಿದ್ದೇನೆ. ಚಿಕ್ಕವನಿದ್ದಾಗ ತಾಟಿನಲ್ಲಿ ಒಂದು ಕೂದಲು ಕಂಡರೆ ಅರ್ಧ ದಿನ ಉಪವಾಸ. ಬಸ್ಸಿನ ಕಂಬಿ ಹಿಡಿದರೆ ಮನೆ ಮುಟ್ಟುವ ತನಕ ಆ ಕೈಯನ್ನು ಪ್ಯಾಂಟಿಗೂ ತಾಕಿಸುತ್ತಿರಲಿಲ್ಲ. ಅವ್ವ ನಗುತ್ತಿದ್ದಳು: "ಹಿಂದಿನ ಜನ್ಮದಾಗ ನೀ ಸಾಬಣ ಆಗಿದ್ದಿ ನೋಡು." ಈ ರೋಗವನ್ನು ಇಟ್ಟುಕೊಂಡೇ ನಾನು ಕಂಪ್ಯೂಟರ್ ಕೆಲಸಕ್ಕೆ ಬಂದೆ. ಅಲ್ಲಿ ಎಲ್ಲ ಸ್ವಚ್ಛವಾಗಿರುತ್ತದೆ ಎಂಬ ಭ್ರಮೆ ಇತ್ತು.

ಆ ರೋಗದಿಂದಲೇ ಒಬ್ಬ ಹೆಂಗಸಿನ ಜೀವ ಹೋಗುವುದರಲ್ಲಿತ್ತು. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಕೊನೆಯವರೆಗೆ ಬಚ್ಚಿಟ್ಟು ನಾಟಕ ಮಾಡುವ ಉಮೇದು ನನಗಿಲ್ಲ. ಆಕೆ ಖಾನಾಪುರದ ಒಂದು ಆಸ್ಪತ್ರೆಯ ಆಯಾ. ಎಲ್ಲರೂ ಚಾಚಿ ಎನ್ನುತ್ತಿದ್ದರು, ನಾನೂ ಹಾಗೇ ಕರೆಯುತ್ತಿದ್ದೆ. ಆಕೆಗೆ ಪೆನಿಸಿಲಿನ್ ಜಾತಿಯ ಇಂಜೆಕ್ಷನ್ ಆಗುವುದಿಲ್ಲ. ಮೈಗೆ ಬಿದ್ದರೆ ಗಂಟಲು ಬಾತು ಉಸಿರು ಕಟ್ಟುತ್ತದೆ. ಈ ಸಂಗತಿ ಎರಡು ಕಡೆ ಬರೆದಿತ್ತು: ಒಂದು ಹಳೆಯ ಕಂಪ್ಯೂಟರಿನಲ್ಲಿ, ಇನ್ನೊಂದು ಒಂದು ಕೊಳಕು ಚೀಟಿಯಲ್ಲಿ. ಎರಡನ್ನೂ ನಾನೇ ಇಲ್ಲದಂತೆ ಮಾಡಿದೆ.

ಬೆಳಗಾವಿಯ ಕ್ಯಾಂಪ್ ಕಡೆ ಒಂದು ಟ್ರಸ್ಟಿನ ಆಸ್ಪತ್ರೆಯಿದೆ, ಹೆಸರು ಬೇಡ. ಅದರದೇ ಸಣ್ಣ ಶಾಖೆ ಖಾನಾಪುರದಲ್ಲಿ. ಎರಡೂ ಕಡೆಯ ಕಂಪ್ಯೂಟರುಗಳ ಉಸಾಬರಿ ನನ್ನದು. ಬೆಳಗಾವಿಯಲ್ಲಿ ಎಲ್ಲ ಹೊಸದು. ಖಾನಾಪುರದಲ್ಲಿ ಇದ್ದದ್ದು ಒಂದೇ ಒಂದು ಸರ್ವರ್, ಔಷಧ ಇಡುವ ಕೋಣೆಯ ಮೂಲೆಯಲ್ಲಿ. ರೋಗಿಯ ಹೆಸರು ಬರೆದುಕೊಳ್ಳುವುದು, ಕೇಸ್ ಪೇಪರ್ ಪ್ರಿಂಟ್ ಮಾಡುವುದು, ರಕ್ತದ ರಿಪೋರ್ಟ್, ಎಲ್ಲ ಅದರ ಹೊಟ್ಟೆಯೊಳಗೆ. ಅದನ್ನು ನಡೆಸುವ ಆಪರೇಟಿಂಗ್ ಸಿಸ್ಟಮ್ ಎಷ್ಟು ಮುದಿಯಾಗಿತ್ತೆಂದರೆ, ಮಾಡಿದವರೇ ಅದರ ಕೈಬಿಟ್ಟು ಎಷ್ಟೋ ವರ್ಷವಾಗಿತ್ತು. ತೂತು ಬಿದ್ದರೆ ತೇಪೆ ಕಳಿಸುವವರಿಲ್ಲ. ಹೊಸ ಪ್ರಿಂಟರ್ ಹಚ್ಚಿದರೆ ಗುರುತು ಹಿಡಿಯುವುದಿಲ್ಲ. ವೈರಸ್ಸು ಹೊಕ್ಕರೆ ಯಾಕೆ ಬಂದೆ ಎಂದು ಕೇಳುವವರಿಲ್ಲ. ಅದನ್ನು ಬೆಳಗಾವಿಯ ವ್ಯವಸ್ಥೆಗೆ ಜೋಡಿಸಿದ್ದರೆ ಒಂದು ಕೊಳೆತ ಬಟಾಟಿ ಇಡೀ ಚೀಲ ಕೆಡಿಸಿದಂತಾಗುತ್ತಿತ್ತು. ಆದ್ದರಿಂದ ಅಲ್ಲಿನ ಮಾಹಿತಿಯನ್ನೆಲ್ಲ ಹೊಸ ಸರ್ವರಿಗೆ ಸಾಗಿಸಿ, ಹಳೆಯದನ್ನು ಮುಗಿಸಿ ಬಾ ಎಂದು ನನ್ನನ್ನು ಕಳಿಸಿದರು.

ಮೊದಲ ದಿನ ಆ ಕೋಣೆಗೆ ಹೋದೆ. ಸರ್ವರಿನ ಮೇಲೆ ಕೆಂಪು ವಸ್ತ್ರ ಹೊದಿಸಿದ್ದರು. ವಸ್ತ್ರ ತೆಗೆದರೆ ಮುಂಭಾಗದ ತುಂಬ ಅರಿಷಿಣ ಕುಂಕುಮ, ಅದರ ಮೇಲೆ ಮೂರು ಬೆರಳಿನ ವಿಭೂತಿ. ಪ್ರತಿ ವರ್ಷ ಖಂಡೇನವಮಿಗೆ ಆಸ್ಪತ್ರೆಯ ಕತ್ತರಿ, ಸೂಜಿ, ಸ್ಕೂಟರ್ ಎಲ್ಲದರ ಜೊತೆ ಇದಕ್ಕೂ ಪೂಜೆ. ಪೂಜೆ ಬೇಡವೆನ್ನುವವನು ನಾನಲ್ಲ, ನಮ್ಮ ಮನೆಯಲ್ಲೂ ಬೈಕಿಗೆ ನಿಂಬೆಹಣ್ಣು ಕಟ್ಟುತ್ತಾರೆ. ಆದರೆ ಇವರು ತೆಂಗಿನಕಾಯಿಯನ್ನು ಯಂತ್ರದ ತಲೆಯ ಹತ್ತಿರವೇ ಒಡೆಯುತ್ತಿದ್ದರು. ಗಾಳಿ ಆಡುವ ಜಾಲರಿಯಲ್ಲಿ ಚೆಂಡುಹೂವು ಸಿಗಿಸುತ್ತಿದ್ದರು. ಹಿಂದಿನ ಮುಚ್ಚಳ ಬಿಚ್ಚಿದಾಗ ವರ್ಷಗಳ ಕಾಯಿನೀರು ಒಣಗಿ ಬೆಲ್ಲದ ಪಾಕದಂತೆ ಕೂತಿತ್ತು. ಅದಕ್ಕೆ ಇರುವೆ ಸತ್ತು ಅಂಟಿದ್ದವು. ಫ್ಯಾನಿನ ಹಿಂದೆ ಹಲ್ಲಿಯ ಮೊಟ್ಟೆ, ತಂತಿಗಳ ನಡುವೆ ಇಲಿಯ ಹಿಕ್ಕೆ. ಬಿಸಿ ಪೆಟ್ಟಿಗೆಯೊಳಗಿಂದ ಜಿರಳೆಗಳು ಮೈಮುರಿಯುತ್ತ ಹೊರಗೆ ಬಂದವು, ಯಾರು ನೀನು ಎಂದು ನನ್ನನ್ನೇ ಕೇಳುವ ಹಾಗೆ. ನಾನು ಹಿತ್ತಲಿಗೆ ಓಡಿದೆ.

ಅಲ್ಲಿ ಕುಕ್ಕುರುಗಾಲಲ್ಲಿ ಕೂತು ವಾಂತಿ ಮಾಡುತ್ತಿದ್ದಾಗ ಬೆನ್ನ ಮೇಲೆ ಒಂದು ಕೈ ಬಿತ್ತು. "ಆತು ಆತು. ನೀರು ತಗೋರಿ ಸಾಹೇಬ್ರ," ಎಂದಳು ಒಬ್ಬ ಹೆಂಗಸು. ಅರವತ್ತರ ಆಸುಪಾಸು, ಎಲೆ ಅಡಿಕೆಯಿಂದ ಕೆಂಪಾದ ಬಾಯಿ, ಸೊಂಟಕ್ಕೆ ಸಿಕ್ಕಿಸಿದ ಬಟ್ಟೆಯ ಸಂಚಿ. ಆಕೆಯೇ ಚಾಚಿ. ನೀರು ಕೊಟ್ಟಳು, ಆಮೇಲೆ ಶುಂಠಿ ಹಾಕಿದ ಚಹಾ ತಂದಳು. ಆಕೆ ಹಿಡಿದಿದ್ದ ಜಾಗವನ್ನು ಬಿಟ್ಟು ಲೋಟದ ಇನ್ನೊಂದು ಅಂಚಿನಿಂದ ಕುಡಿದೆ. ಆಕೆ ಅದನ್ನು ನೋಡಿದಳು. ಮರುದಿನದಿಂದ ನನಗಾಗಿ ಒಂದು ಹೊಸ ಸ್ಟೀಲ್ ಲೋಟ ಬೇರೆ ಇಟ್ಟಳು. ತೊಳೆದು, ಬೋರಲು ಹಾಕಿ, ಮೇಲೆ ಬಿಳಿ ಬಟ್ಟೆ ಮುಚ್ಚಿ. ಈಗ ಆ ಲೋಟ ನೆನೆದರೆ ನನಗೆ ನನ್ನ ಮೇಲೆ ಅಸಹ್ಯ ಬರುತ್ತದೆ.

ಎರಡು ತಿಂಗಳು ಬೆಳಗಾವಿಯಿಂದ ಖಾನಾಪುರಕ್ಕೆ ಓಡಾಡಿದೆ. ಮಳೆಗಾಲ. ಬಸ್ಸಿನಲ್ಲಿ ಒದ್ದೆ ಕೊಡೆ, ಒಣಮೀನು, ಮಕ್ಕಳ ಮೂತ್ರ ಎಲ್ಲದರ ವಾಸನೆ ಒಟ್ಟಿಗೆ. ಆಸ್ಪತ್ರೆಯಲ್ಲಿ ಆ ಯಂತ್ರದ ಬಗ್ಗೆ ಎಲ್ಲರಿಗೂ ಒಂದೇ ಮಾತು ಗೊತ್ತಿತ್ತು: ಮುಟ್ಟಬ್ಯಾಡ್ರಿ. ಸ್ವಿಚ್ಚಿನ ಮೇಲೆ ಮರಾಠಿಯಲ್ಲೂ ಕನ್ನಡದಲ್ಲೂ ಹಾಗೇ ಬರೆದು ಅಂಟಿಸಿದ್ದರು. ವಸ್ತ್ರ ತೆಗೆದರೆ ಕಂಪೌಂಡರ್ ಓಡಿ ಬರುತ್ತಿದ್ದ. "ಸರ್, ಮುಟ್ಟಬ್ಯಾಡ್ರಿ. ಹಿಂದಕ್ಕೊಮ್ಮೆ ಬಂದ್ ಮಾಡಿದ್ವಿ, ಮೂರು ದಿನ ಎದ್ದಿರಲಿಲ್ಲ." ಧೂಳು ಒರೆಸಬೇಡಿ, ಹೂವು ತೆಗೆಯಬೇಡಿ, ಪಾಸ್‌ವರ್ಡ್ ಬದಲಿಸಬೇಡಿ. ಪಾಸ್‌ವರ್ಡ್ ಅಂತೂ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದಿತ್ತು, ರೋಗಿಗಳೂ ಓದಬಹುದಾಗಿತ್ತು. ಬೇಡ ಬೇಡ ಎಂದು ಕೇಳಿ ಕೇಳಿ ನನಗೆ ಆ ಶಬ್ದವೇ ಕಿವಿಗೆ ಬೀಳದ ಹಾಗಾಯಿತು. ಮೂಢರ ಸಂತೆಯಲ್ಲಿ ನಾನೊಬ್ಬನೇ ಬುದ್ಧಿವಂತ ಎಂದು ಓಡಾಡಿದೆ.

ಹೊರಗಿನ ಹೊಲಸು ಒಂದು ತೂಕವಾದರೆ ಒಳಗಿನ ಮಾಹಿತಿಯ ಹೊಲಸು ಇನ್ನೊಂದು ತೂಕ. ಒಬ್ಬನೇ ಮನುಷ್ಯ ನಾಲ್ಕು ಹೆಸರಿನಲ್ಲಿ ನಾಲ್ಕು ಸಲ. ವಯಸ್ಸಿನ ಜಾಗದಲ್ಲಿ ಫೋನ್ ನಂಬರ್. ಒಬ್ಬ ಅಜ್ಜ ಎರಡು ಸಲ ಸತ್ತು, ಆಮೇಲೆ ಕಣ್ಣು ತೋರಿಸಲು ಬಂದಿದ್ದ. ನಾನು ಸಾಲು ಸಾಲಾಗಿ ತೊಳೆಯತೊಡಗಿದೆ. ಸುಳ್ಳು ಏಕೆ, ಅದರಲ್ಲೊಂದು ಸುಖವಿತ್ತು.

ಹಾಗೆ ತೊಳೆಯುತ್ತಿದ್ದಾಗ ಹುಣಸೆ ಮರ ಸಿಕ್ಕಿತು. ಹಳೆಯ ಸಾಫ್ಟ್‌ವೇರಿನಲ್ಲಿ ರೋಗಿಯ ವಿಳಾಸದ ಕೆಳಗೆ 'ಗುರುತು' ಎಂಬ ಖಾನೆ ಇತ್ತು. ಅಲ್ಲಿ ನಮ್ಮ ಮಾತು ಬರೆಯಲು ಬರುತ್ತಿರಲಿಲ್ಲ. ಕೊಟ್ಟ ಪಟ್ಟಿಯಿಂದ ಒಂದನ್ನು ಆರಿಸಬೇಕು. ಗುಡಿಯ ಬಾಜು, ಮಸೂತಿ ಬಾಜು, ಸಾಲಿ ಬಾಜು, ಬಾವಿ ಬಾಜು, ಹುಣಸಿ ಗಿಡದ ಬಾಜು. ಕೇಸ್ ಪೇಪರಿನ ನೆತ್ತಿಯ ಮೇಲೆ ದಪ್ಪ ಅಕ್ಷರದಲ್ಲಿ ಅದು ಬರುತ್ತಿತ್ತು. ನೋಡಿದರೆ ನಂದಗಡದವರು ಹುಣಸಿ ಗಿಡದ ಬಾಜು, ಹಲಸಿಯವರು ಹುಣಸಿ ಗಿಡದ ಬಾಜು, ಜಾಂಬೋಟಿಯ ಕಾಡಂಚಿನವರೂ ಅಲ್ಲೇ. ಖಾನಾಪುರದ ಪೇಟೆಯ ನಡುವೆ ಇರುವ ಚಾಚಿಯ ಮನೆಯೂ ಹುಣಸಿ ಗಿಡದ ಬಾಜು! ಆಕೆಯ ಓಣಿಯಲ್ಲಿ ಒಂದು ತುಳಸಿ ಗಿಡ ಬಿಟ್ಟರೆ ಮರವೇ ಇರಲಿಲ್ಲ. ಪಟ್ಟಿಯಲ್ಲಿ ಕಡೆಯದು ಇದಾದ್ದರಿಂದ ಬೇಸರ ಬಂದಾಗ ಕೈಗೆ ಸಿಕ್ಕಿದ್ದನ್ನು ಒತ್ತಿದ್ದಾರೆ ಎಂದು ನಕ್ಕೆ.

ಅಲ್ಲಿನ ಹಿರಿಯ ಸಿಸ್ಟರಿಗೆ ಕೇಳಿದೆ. ಮನೆಮಾತು ಮರಾಠಿ, ಕನ್ನಡವೂ ಅಷ್ಟೇ ಸಲೀಸು. ಆ ತಿಂಗಳ ಕೊನೆಗೆ ಅವರ ನೌಕರಿ ಮುಗಿಯುವುದಿತ್ತು. ಬ್ಯಾಂಡೇಜ್ ಸುತ್ತುತ್ತಿದ್ದರು.

"ಅಕ್ಕಾರ, ಇದೇನ್ರಿ ತಾಲೂಕಿನ ಮಂದಿನೆಲ್ಲ ಒಂದ ಹುಣಸಿ ಗಿಡದ ಬುಡಕ ತಂದು ಕುಂದರಿಸೀರಿ?"

ಅವರು ನಗಲಿಲ್ಲ. "ಅದನ್ನೊಂದು ಮುಟ್ಟಬ್ಯಾಡ್ರಿ ಸರ್. ಅದು ನಮ್ಮದು ಐತಿ. ಅದರದೊಂದು ಕಥಿ ಐತ್ರಿ, ಕುಂದರ್ರಿ, ಇದನ್ನ ಕಟ್ಟಿ ಹೇಳ್ತೀನಿ."

ಮತ್ತೊಂದು ಮುಟ್ಟಬ್ಯಾಡ್ರಿ. ಮತ್ತೊಂದು ಕಥೆ. ಮುಂದಿದ್ದ ರೋಗಿಯ ಹುಣ್ಣಿನಿಂದ ಕೀವು ಸೋರುತ್ತಿತ್ತು, ಅದರ ವಾಸನೆಗೆ ನಿಲ್ಲಲು ಆಗುತ್ತಿರಲಿಲ್ಲ. "ಆಮ್ಯಾಲೆ ಕೇಳ್ತೀನ್ರಿ," ಎಂದು ಹೊರಗೆ ಬಂದೆ. ಆಮೇಲೆ ಎನ್ನುವುದು ಬರಲಿಲ್ಲ. ತಿಂಗಳ ಕೊನೆಗೆ ಅವರಿಗೆ ಶಾಲು ಹೊದಿಸಿ ಕಳಿಸಿದರು. ಅವರು ತವರೂರು ಹಲಸಿಗೆ ಹೋದರು. ನಾನು 'ಗುರುತು' ಎಂಬ ಖಾನೆಯನ್ನೇ ಕಿತ್ತೊಗೆದೆ.

ಇದಕ್ಕಿಂತ ದೊಡ್ಡ ತಪ್ಪು ಬೇರೆ ಇದೆ. ಹೊಸ ವ್ಯವಸ್ಥೆಯಲ್ಲಿ 'ಔಷಧದ ಅಲರ್ಜಿ' ಎಂಬ ಖಾನೆ ಇತ್ತು. ಅದು ಖಾಲಿಯಿದ್ದರೆ ಒಬ್ಬ ರೋಗಿಯ ದಾಖಲೆಯನ್ನೂ ಒಳಗೆ ಬಿಡುತ್ತಿರಲಿಲ್ಲ. ಹಳೆಯದರಲ್ಲಿ ಆ ಖಾನೆಯೇ ಇರಲಿಲ್ಲ. ಏನು ಮಾಡಬೇಕಿತ್ತು? ಕೇಳಬೇಕಿತ್ತು. ನಾನು ಕೇಳಲಿಲ್ಲ. ಎಲ್ಲರ ಮುಂದೆಯೂ ಒಂದೇ ಏಟಿಗೆ 'ಇಲ್ಲ' ಎಂದು ತುಂಬಿದೆ. ಗೊತ್ತಿಲ್ಲ ಎನ್ನುವುದಕ್ಕೂ ಇಲ್ಲ ಎನ್ನುವುದಕ್ಕೂ ಇರುವ ಅಂತರ ತಿಳಿಯದ ದಡ್ಡನಲ್ಲ ನಾನು. ಆದರೆ ಪರದೆಯ ಮೇಲೆ ಒಂದೂ ಕೆಂಪು ಗುರುತಿಲ್ಲದೆ ಎಲ್ಲ ಹಸಿರಾಗುವುದನ್ನು ನೋಡುವ ಆಸೆ. ಹಸಿರಾಯಿತು.

ಒಂದು ಭಾನುವಾರ ಮಧ್ಯಾಹ್ನ ಹಳೆಯದನ್ನು ಬಂದ್ ಮಾಡಿದೆ. ಕಂಪೌಂಡರ್ ಕಣ್ಣು ಮುಚ್ಚಿ ಕೈ ಮುಗಿದ. ಫ್ಯಾನ್ ಕಿರಗುಟ್ಟಿ ನಿಂತಿತು, ಕೋಣೆ ಒಮ್ಮೆಲೇ ತಣ್ಣಗಾಯಿತು. ಹೊಸದು ನಡೆಯಿತು, ಬೆಳಗಾವಿಯಲ್ಲಿ ಕೂತವರಿಗೂ ಖಾನಾಪುರದ ರೋಗಿಗಳ ಮಾಹಿತಿ ಕಂಡಿತು. ಹದಿನೈದು ದಿನ ನೋಡಿ, ಹಳೆಯ ಡಿಸ್ಕನ್ನು ಪೂರ್ತಿ ಅಳಿಸಿ ಡಬ್ಬಿಯನ್ನು ಗುಜರಿಗೆ ಹಾಕಿದೆ. ಒಂದು ಪ್ರತಿ ಇಟ್ಟುಕೊಳ್ಳಬೇಕಾದದ್ದು ಕೆಲಸದ ನೇಮ. ಆ ಹೊಲಸಿನ ಪ್ರತಿ ಯಾರಿಗೆ ಬೇಕು ಎನಿಸಿತು. ಈ ಕಸುಬಿನಲ್ಲಿ ಇಷ್ಟು ವರ್ಷ ಇದ್ದವನು ಇದನ್ನು ಬಾಯಿಬಿಟ್ಟು ಹೇಳಬಾರದು, ಆದರೂ ಹೇಳುತ್ತಿದ್ದೇನೆ.

ಹಳೆಯದನ್ನು ಬಂದ್ ಮಾಡಿದ ಅದೇ ಭಾನುವಾರ ಚಾಚಿ ಚಹಾ ತಂದಳು, ಬಿಳಿ ಬಟ್ಟೆ ಮುಚ್ಚಿದ ನನ್ನ ಲೋಟದಲ್ಲಿ. ಹೊಸ ಪರದೆಯನ್ನು ಬಾಗಿ ನೋಡಿದಳು.

"ಇದರಾಗ ನಂದೂ ಐತೇನ್ರಿ ಸಾಹೇಬ್ರ?"

"ಎಲ್ಲಾರದೂ ಐತಿ ಚಾಚಿ."

ಆಕೆ ಸೊಂಟದ ಸಂಚಿ ಬಿಚ್ಚಿದಳು. ಅಡಿಕೆ, ಸುಣ್ಣದ ಡಬ್ಬಿ, ತಂಬಾಕಿನ ಪುಡಿ, ಅವುಗಳ ಕೆಳಗಿಂದ ನಾಲ್ಕು ಮಡಿಕೆಯ ಒಂದು ಕಾಗದ ತೆಗೆದಳು. ಎಣ್ಣೆ ಹತ್ತಿ ಕಂದಾಗಿತ್ತು, ಮಡಿಕೆಗಳಲ್ಲಿ ಸುಣ್ಣ ಕೂತಿತ್ತು. ನನ್ನ ಮುಂದೆ ಹಿಡಿದಳು.

"ಇದು ಸಿಸ್ಟರ್ ಬರದು ಕೊಟ್ಟಿದ್ದು. ಯಾವ ದವಾಖಾನಿಗೆ ಹೋದ್ರೂ ತೋರಿಸು ಅಂದಿದ್ಲು. ನೋಡ್ರಲ್ಲ, ಇದೂ ಅದರಾಗ ಐತೇನು?"

ಆ ತಂಬಾಕಿನ ವಾಸನೆ ಮೂಗಿಗೆ ಬಡಿಯಿತು. ನನ್ನ ಕೈ ಮೇಜಿನಿಂದ ಏಳಲೇ ಇಲ್ಲ. ಕುರ್ಚಿಯನ್ನು ಅರ್ಧ ಗೇಣು ಹಿಂದೆ ಸರಿಸಿದ್ದು ಸ್ಪಷ್ಟವಾಗಿ ನೆನಪಿದೆ. "ಎಲ್ಲಾ ಕಂಪ್ಯೂಟರ್‌ನಾಗ ಐತಿ ಚಾಚಿ. ಇನ್ನ ಮ್ಯಾಲೆ ಈ ಹೊಲಸು ಚೀಟಿ ಗೀಟಿ ಏನೂ ಬ್ಯಾಡ, ಒಗೀರಿ ಅತ್ಲಾಗ," ಎಂದೆ. ಆಕೆ ಸ್ವಲ್ಪ ಹೊತ್ತು ಕಾಗದವನ್ನು ಹಿಡಿದೇ ನಿಂತಳು. ಆಮೇಲೆ ನನ್ನ ಮಾತಿಗೆ ಬೆಲೆ ಕೊಟ್ಟು, ಬಾಗಿಲ ಬಾಜು ಇದ್ದ ಕಸದ ಡಬ್ಬಿಯಲ್ಲಿ ಹಾಕಿದಳು.

ಮೂರು ತಿಂಗಳು ನನಗೆ ಬೆಳಗಾವಿಯಲ್ಲಿ ಶಾಭಾಸ್‌ಗಿರಿ. ಅಧ್ಯಕ್ಷರು ಬೆನ್ನು ತಟ್ಟಿದರು. ಆಡಳಿತಾಧಿಕಾರಿ ಸಭೆಯಲ್ಲಿ ಕುಂದಾ ಹಂಚಿದರು, ಚಮಚ ನೆಕ್ಕಿ ಅದೇ ಚಮಚವನ್ನು ಮತ್ತೆ ಡಬ್ಬಿಗೆ ಹಾಕುತ್ತ. ನಾನು ತಿನ್ನಲಿಲ್ಲ. ಹೊಗಳಿಕೆಯನ್ನು ಮಾತ್ರ ಬಿಡದೆ ನುಂಗಿದೆ.

ಆಮೇಲೊಂದು ದಿನ ಚಾಚಿಯ ಕಾಲಿಗೆ ಮೊಳೆ ಚುಚ್ಚಿತು. ಆಕೆ ಅರಿಷಿಣ ಮೆತ್ತಿಕೊಂಡು ಕೆಲಸ ಮಾಡಿದಳು. ಕಾಲು ಬಾತು ಜ್ವರ ಏರಿದಾಗ ಖಾನಾಪುರದವರು ಆಂಬುಲೆನ್ಸಿನಲ್ಲಿ ಬೆಳಗಾವಿಗೆ ಕಳಿಸಿದರು. ಇಲ್ಲಿ ಆಕೆಯನ್ನು ಬಲ್ಲವರು ಯಾರೂ ಇರಲಿಲ್ಲ, ನನ್ನನ್ನು ಬಿಟ್ಟು. ನಾನು ಮೇಲಿನ ಮಹಡಿಯಲ್ಲಿ ಪ್ರಿಂಟರ್ ಸರಿ ಮಾಡುತ್ತಿದ್ದೆ. ಡ್ಯೂಟಿ ಡಾಕ್ಟರ್ ಎಳೆಯ ಹುಡುಗಿ, ಚೊಕ್ಕ ಕೆಲಸ. ಕೇಳಬೇಕಾದದ್ದನ್ನು ಕೇಳಿದಳು.

"ಯಾವುದಾದ್ರೂ ಔಷಧ ನಿಮಗ ಆಗಿ ಬರಂಗಿಲ್ಲೇನ್ರಿ?"

"ಹೂಂ, ಒಂದ ಐತ್ರಿ."

"ಯಾವುದ್ರಿ? ಹೆಸರು?"

ಹೆಸರು ಚಾಚಿಗೆ ಎಲ್ಲಿಂದ ಗೊತ್ತಿರಬೇಕು? ಅದು ಇಂಗ್ಲಿಷಿನಲ್ಲಿತ್ತು, ಚೀಟಿಯಲ್ಲಿತ್ತು. "ಕಂಪ್ಯೂಟರ್‌ನಾಗ ಐತ್ರಿ ಬೇಟಿ. ನಮ್ಮ ಸಾಹೇಬ್ರು ಹಾಕ್ಯಾರ. ನೀವ ನೋಡ್ರಿ," ಎಂದಳಂತೆ. ಡಾಕ್ಟರ್ ನೋಡಿದಳು. ಪರದೆಯ ಮೇಲೆ ಸ್ವಚ್ಛವಾದ ಅಕ್ಷರದಲ್ಲಿ ಇತ್ತು: ಔಷಧದ ಅಲರ್ಜಿ, ಇಲ್ಲ. ಜ್ವರದ ಬಡಬಡಿಕೆ ಎಂದುಕೊಂಡು, ಆದರೂ ಪದ್ಧತಿಯಂತೆ ಚರ್ಮದ ಕೆಳಗೆ ಪೆನಿಸಿಲಿನ್ನಿನ ಒಂದು ಹನಿ ಪರೀಕ್ಷೆಗೆ ಕೊಟ್ಟಳು.

ಆ ಹನಿಯೇ ಸಾಕಾಯಿತು. ನಾನು ಮೆಟ್ಟಿಲಿಳಿದು ಬರುವಾಗ ಗದ್ದಲ ಕೇಳಿಸಿತು. ಮಂಚದ ಮೇಲೆ ಚಾಚಿ. ಮುಖ ಉಬ್ಬಿ ಕಣ್ಣು ಮುಚ್ಚಿಹೋಗಿದ್ದವು, ತುಟಿ ನೀಲಿ, ಎದೆಯಿಂದ ಹಳೆಯ ತಿದಿಯಂಥ ಸದ್ದು. ಉಸಿರು ಸಿಗದೆ ಕೈಯನ್ನು ಸೊಂಟಕ್ಕೆ ಒಯ್ದು ತಡಕುತ್ತಿದ್ದಳು. ಸುತ್ತಲಿದ್ದವರು ಹೊಟ್ಟೆ ನೋವಿರಬೇಕು ಎಂದರು. ಆಕೆ ಸಂಚಿ ತಡಕುತ್ತಿದ್ದಳು. ಆ ಕಾಗದ ಹುಡುಕುತ್ತಿದ್ದಳು. ಅದು ಈ ಲೋಕದಲ್ಲಿ ನನಗೊಬ್ಬನಿಗೇ ಗೊತ್ತಿತ್ತು, ನಾನು ಬಾಗಿಲಲ್ಲಿ ಕಂಬದಂತೆ ನಿಂತಿದ್ದೆ.

ಡಾಕ್ಟರ್ ಹುಷಾರಿದ್ದಳು. ತೊಡೆಗೆ ಬೇರೊಂದು ಇಂಜೆಕ್ಷನ್ ಚುಚ್ಚಿದಳು, ಮುಖಕ್ಕೆ ಆಮ್ಲಜನಕ ಹಚ್ಚಿದಳು. ಕಾಲು ಗಂಟೆಯ ಮೇಲೆ ಎದೆಯ ಸದ್ದು ಇಳಿಯಿತು. ಚಾಚಿ ಉಳಿದಳು.

ಆ ಚೀಟಿಯಲ್ಲಿ ಏನು ಬರೆದಿದ್ದರೆಂದು ಕೇಳಲು ನಾನು ಹಲಸಿಗೆ ಹೋದೆ. ಸಿಸ್ಟರ್ ಅಂಗಳದಲ್ಲಿ ಕೂತು ಅಕ್ಕಿ ಕೇರುತ್ತಿದ್ದರು. ಮೊದಲು ಚಾಚಿ ಹೇಗಿದ್ದಾಳೆ ಎಂದು ಕೇಳಿದರು. ಆಮೇಲೆ ಅವತ್ತು ನಾನು ಕೇಳದ ಕಥೆಯನ್ನು ಹೇಳಿದರು. ಹಳೆಯ ಸಾಫ್ಟ್‌ವೇರಿನಲ್ಲಿ ಅಲರ್ಜಿ ಬರೆಯಲು ಜಾಗವಿರಲಿಲ್ಲ. ಡಾಕ್ಟರುಗಳು ಆರು ತಿಂಗಳಿಗೊಬ್ಬರು ಬದಲಾಗುತ್ತಿದ್ದರು. ಒಮ್ಮೆ ಒಬ್ಬ ಬಾಣಂತಿ ಇದೇ ಇಂಜೆಕ್ಷನ್ನಿನಿಂದ ಸಾಯುವ ತನಕ ಹೋಗಿದ್ದಳು. ಆಗ ಇವರು ಕೇಸ್ ಪೇಪರಿನ ಮೇಲೆ ದಪ್ಪಗೆ ಕಾಣುವ ಸಾಲು ಯಾವುದು ಎಂದು ನೋಡಿದರು. ಅದೊಂದೇ ಸಿಕ್ಕಿತು.

"ಹುಣಸಿ ಗಿಡದ ಬುಡಕ ಮಲಗಬಾರದು ಅಂತಾರಲ್ಲರೀ ಹಿರ್ಯಾರು? ಅದಕ್ಕ ಅದನ್ನ ಆರಿಸಿದೆ. ಆ ಇಂಜೆಕ್ಷನ್ ಆಗದವರೆಲ್ಲ ಹುಣಸಿ ಗಿಡದ ಬಾಜು. ಖರೇ ಅಲ್ಲೇ ಮನಿ ಇದ್ದವರನ್ನ ಬಾವಿ ಬಾಜು ಅಂತ ಹಾಕ್ತಿದ್ದೆ. ಹೊಸ ಡಾಕ್ಟರ್ ಬಂದಾಗೆಲ್ಲ ಮೊದಲನೇ ದಿನಾನ ಇದನ್ನ ಹೇಳಿಕೊಡೂದು. ಇಷ್ಟು ವರ್ಷದಾಗ ಒಬ್ರಿಗೂ ಏನೂ ಆಗಿಲ್ಲ ಸರ್."

ಕಂಪೌಂಡರಿಗೂ ಇದು ಗೊತ್ತಿತ್ತಂತೆ. ಹೊಸ ಕಾಗದದಲ್ಲಿ ಗುರುತಿನ ಸಾಲು ಕಾಣದಾಗ, ಅದೀಗ ಹೊಸ ಖಾನೆಗೆ ಹೋಗಿದೆ ಎಂದುಕೊಂಡನಂತೆ. ಯಾಕೆ ಅಂದುಕೊಳ್ಳಬಾರದು? ಯಾರೇ ಆದರೂ ಹಾಗೇ ಅಂದುಕೊಳ್ಳುತ್ತಾರೆ.

ನಾನು ಅಷ್ಟು ದಿನ ಮೂಗು ಮುರಿದ ಆ ಯಂತ್ರ ಕಾಯಿನೀರು ಕುಡಿದು, ಜಿರಳೆ ಸಾಕಿ, ತೇಪೆಯಿಲ್ಲದೆ ತೂತು ಬಿದ್ದು ಎಷ್ಟೋ ಮಂದಿಯ ಜೀವ ಕಾದಿತ್ತು. ಹಳೆಯದನ್ನು ಬಿಡಬಾರದಿತ್ತು ಎಂದು ಮಾತ್ರ ನಾನು ಈಗಲೂ ಹೇಳುವುದಿಲ್ಲ. ಬಿಡಲೇಬೇಕಿತ್ತು, ಅದು ಇವತ್ತಲ್ಲ ನಾಳೆ ಸಾಯುತ್ತಿತ್ತು. ಬಿಡುವ ಮೊದಲು ಒಂದು ಬ್ಯಾಂಡೇಜ್ ಕಟ್ಟಿ ಮುಗಿಯುವಷ್ಟು ಹೊತ್ತು ಆ ವಾಸನೆಯಲ್ಲಿ ಕೂರಬೇಕಿತ್ತು. ಅಷ್ಟೇ.

ಡಿಸ್ಕ್ ಅಳಿಸಿಯಾಗಿತ್ತು. ಉಳಿದದ್ದು ಖಾನಾಪುರದ ಆಸ್ಪತ್ರೆಯ ಅಟ್ಟದ ಮೇಲಿನ ಹಳೆಯ ಕೇಸ್ ಪೇಪರುಗಳ ಕಟ್ಟು. ಇಲಿ ಉಚ್ಚೆ ಹೊಯ್ದು ಅಂಟಿದ ಹಾಳೆಗಳನ್ನು ಒಂದೊಂದಾಗಿ ಬಿಡಿಸಿ, ನೆತ್ತಿಯ ಮೇಲೆ ಹುಣಸಿ ಗಿಡ ಇದ್ದವರನ್ನೆಲ್ಲ ಹೆಕ್ಕಿದೆ. ಸಿಸ್ಟರ್ ದಿನಾ ಹಲಸಿಯಿಂದ ಬಂದು ಜೊತೆಗೆ ಕೂತರು, ಕಾಗದ ಸಿಗದವರನ್ನು ನೆನಪಿನಿಂದ ಹೇಳಿದರು. ಎಷ್ಟೋ ಸಲ ವಾಕರಿಕೆ ಬಂದು ಹೊರಗೆ ಹೋಗಿ ಬಂದೆ. ಅವರು ಒಮ್ಮೆಯೂ ಚುಚ್ಚಿ ಮಾತಾಡಲಿಲ್ಲ, ಆಡಿದ್ದರೆ ಹಗುರಾಗುತ್ತಿತ್ತು.

ಆಮೇಲೆ ಬೆಳಗಾವಿಯಲ್ಲಿ ವರದಿ ತಯಾರಾಯಿತು. ಆಡಳಿತಾಧಿಕಾರಿ ನನ್ನನ್ನು ಕರೆದು ಕೂರಿಸಿದರು. "ಆಕೀಗೇನೂ ಆಗಿಲ್ಲಲ್ಲ? ಸುಮ್ನ ಯಾಕ ದೊಡ್ಡದ ಮಾಡೂದು?" ಎಂದು ಕಾಗದ ಮುಂದೆ ಸರಿಸಿದರು. ಅಡ್ಡಗೋಡೆಯ ಮೇಲೆ ದೀಪ ಇಡುವುದರಲ್ಲಿ ಅವರು ಪಳಗಿದವರು. 'ರೋಗಿಯು ತನಗೆ ಆಗದ ಔಷಧದ ಹೆಸರನ್ನು ಯಾರಿಗೂ ತಿಳಿಸಿರುವುದಿಲ್ಲ' ಎಂದು ಬರೆದಿತ್ತು. ಕಂಪ್ಯೂಟರಿನ ಮಾತೇ ಇಲ್ಲ, ನನ್ನ ಮಾತೇ ಇಲ್ಲ. ಅಷ್ಟು ಸ್ವಚ್ಛವಾದ ವಾಕ್ಯವನ್ನು ನಾನು ಅದಕ್ಕೆ ಮೊದಲು ಓದಿರಲಿಲ್ಲ. ಕೆಳಗೆ ಎರಡು ಸಹಿಯ ಜಾಗ, ಒಂದು ನನ್ನದು, ಒಂದು ಚಾಚಿಯದು. "ನೀವ ಹೋಗಿ ತಗೊಂಡ ಬರ್ರಿ, ನಿಮ್ಮ ಮಾತು ಕೇಳ್ತಾಳ," ಎಂದರು. ಎದ್ದು ಬೈದು ಬರಲಿಲ್ಲ ನಾನು. ಕಾಗದವನ್ನು ಮಡಚಿ ಕಿಸೆಯಲ್ಲಿಟ್ಟುಕೊಂಡೆ. ನೌಕರಿ ಉಳಿಯಿತಲ್ಲ ಎಂದು ಒಳಗೊಳಗೆ ಹಾಯೆನಿಸಿದ್ದೂ ನಿಜ, ಥೂ.

ಚಾಚಿ ಮನೆಯಲ್ಲಿ ಕಾಲು ನೀಡಿ ಕೂತಿದ್ದಳು. ಮುಖದ ಬಾವು ಇಳಿದಿತ್ತು. ಎದ್ದು ಚಹಾ ಮಾಡಲು ಹೋದಳು, ಬೇಡವೆಂದೆ. ಕಾಗದ ತೆಗೆದೆ.

"ಏನ್ ಬರದಾರ್ರಿ? ಓದ್ರಿ. ನೀವ ಹೇಳಿದಲ್ಲಿ ಹೆಬ್ಬಟ್ಟು ಒತ್ತತೀನಿ."

ಓದದೇ ಒತ್ತಿಸಿಕೊಳ್ಳಬಹುದಿತ್ತು. ಬಸ್ಸಿನಲ್ಲಿ ಬರುವಾಗ ಹಾಗೇ ಅಂದುಕೊಂಡಿದ್ದೆ. ಆದರೆ ಆಕೆ ಆಗಲೇ ಹೆಬ್ಬೆರಳನ್ನು ಸೆರಗಿಗೆ ಒರೆಸಿ ಸ್ವಚ್ಛ ಮಾಡುತ್ತಿದ್ದಳು, ನನ್ನ ಸಲುವಾಗಿ. ಓದಿದೆ, ಅಕ್ಷರ ಅಕ್ಷರ.

ಚಾಚಿ ಹೆಬ್ಬೆರಳು ಒರೆಸುವುದನ್ನು ನಿಲ್ಲಿಸಿದಳು. ಸಿಟ್ಟಿಲ್ಲ. ಏನೋ ಲೆಕ್ಕ ತಪ್ಪಿದವರ ಹಾಗೆ ನನ್ನ ಮುಖ ನೋಡಿದಳು. ಅದುವರೆಗೆ ಸಾಹೇಬ್ರ ಎನ್ನುತ್ತಿದ್ದವಳು ಮೊದಲ ಸಲ ಬೇರೆ ರೀತಿ ಕರೆದಳು.

"ನಾ ತೋರಿಸಿದ್ನಲ್ಲ ಬೇಟಾ. ನಿನ್ನ ಕೈಯಾಗ ಕೊಡಾಕ ಬಂದೆ. ನೀನ ಮುಟ್ಟಲಿಲ್ಲ."

ಆಕೆಯ ಹೆಬ್ಬಟ್ಟು ತೆಗೆದುಕೊಳ್ಳಲಿಲ್ಲ. ಅಲ್ಲೇ ಆಕೆಯ ಹೊಸ್ತಿಲ ಮೇಲೆ ಕೂತು, ಆ ವಾಕ್ಯದ ಕೆಳಗೆ ನನ್ನ ಕೈಯಿಂದ ಬರೆದೆ: ರೋಗಿ ಚೀಟಿ ತೋರಿಸಿದ್ದಳು, ಹೊಲಸಾಗಿದೆ ಎಂದು ನಾನು ಓದಲಿಲ್ಲ, ಒಗೆಯಲು ಹೇಳಿದೆ. ಸಹಿ ಮಾಡಿದೆ. ಇನ್ನೊಂದು ಕಾಗದದಲ್ಲಿ ಆಗದ ಔಷಧದ ಹೆಸರನ್ನು ಮೂರು ಭಾಷೆಯಲ್ಲಿ ದಪ್ಪಗೆ ಬರೆದು ನಾಲ್ಕು ಮಡಿಕೆ ಮಾಡಿದೆ. ಚಾಚಿ ಸಂಚಿಯ ಬಾಯಿ ಅಗಲಿಸಿ ಹಿಡಿದಳು. ಒಳಗೆ ಕೈ ಹಾಕಿ ಅಡಿಕೆ, ತಂಬಾಕಿನ ಪುಡಿಯ ಕೆಳಗೆ ಅದನ್ನು ಇಟ್ಟೆ. ಬೆರಳಿಗೆ ಸುಣ್ಣ ಹತ್ತಿತು. ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ, ಬಸ್‌ಸ್ಟ್ಯಾಂಡಿನ ನಲ್ಲಿಯಲ್ಲಿ ತಿಕ್ಕಿ ತಿಕ್ಕಿ ಕೈ ತೊಳೆದೆ.

ಮರುದಿನ ಆಡಳಿತಾಧಿಕಾರಿ ವರದಿ ಓದಿ ಕನ್ನಡಕ ತೆಗೆದರು. ನಾನು ಬರೆದ ಸಾಲಿನ ಮೇಲೆ ಬೆರಳಿಟ್ಟು, "ಇದೊಂದು ತಗದುಬಿಡ್ರಿ. ಹೊಲಸ ಕಾಣತೈತಿ," ಎಂದರು.

"ಇರಲಿ ಸರ್," ಎಂದೆ. "ಮುಟ್ಟಬ್ಯಾಡ್ರಿ."